ಒಂದೇ ಆಳದ ನಾಲ್ಕು ಕಿವಿಗಳು

ವರ್ನಾ ಕಾರ್ಕಮ್ ಹಾಕಿದ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ. ಆಕೆ ಗಂಟಿಕ್ಕಿದ ಮುಖ ಬಿಚ್ಚಿಕೊಂಡದ್ದನ್ನು ಕಂಡವರು ಇದ್ದಾರೆ, ನಾನೂ ಅವರಲ್ಲೊಬ್ಬಳು. ಅದನ್ನು ಹೇಳುವುದಕ್ಕೇ ಈ ಬರಹ.

ಆಕೆ ಲೂನೆನ್‌ಬರ್ಗ್ ಬಳಿಯ ಬ್ಲೂ ರಾಕ್ಸ್ ಎಂಬ ಮೀನುಗಾರರ ಹಳ್ಳಿಯವಳು. ಅಪ್ಪ ಲಾಬ್‌ಸ್ಟರ್ ಹಿಡಿಯುತ್ತಿದ್ದ, ಅಮ್ಮ ಪೀಪಾಯಿಗಟ್ಟಲೆ ಎಲೆಕೋಸು ಹುಳಿ ಹಾಕುತ್ತಿದ್ದಳು. ಹದಿನೇಳನೆಯ ವಯಸ್ಸಿಗೆ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳುವ ಕೆಲಸಕ್ಕೆ ನಿಂತವಳು, ಮೀನು ಮುಗಿದು ಕಾರ್ಖಾನೆಗೆ ಬೀಗ ಬಿದ್ದಾಗ ಬಲೆ ಹೆಣೆಯುವ ಅಟ್ಟ ಹತ್ತಿದಳು. ಅಲ್ಲಿಂದ ಡಾರ್ಟ್‌ಮತ್‌ನ ನಮ್ಮ ಸಮುದ್ರ ಸಂಶೋಧನಾ ಸಂಸ್ಥೆಗೆ ಹಗ್ಗ ಜೋಡಿಸಿಕೊಡಲು ಆರು ವಾರದ ಮಟ್ಟಿಗೆ ಬಂದಳು. ಅದಾಗಿ ಮೂವತ್ತನಾಲ್ಕು ವರ್ಷ. ಕಾಗದದಲ್ಲಿ ಆಕೆಯ ಹುದ್ದೆ ಇವತ್ತಿಗೂ ‘ಸಲಕರಣೆ ಸಹಾಯಕಿ, ತಾತ್ಕಾಲಿಕ’. ಅದರಲ್ಲಿ ತಾತ್ಕಾಲಿಕ ಎಂಬ ಪದವೊಂದೇ ಖಾಯಂ.

ಸಮುದ್ರಕ್ಕೆ ಏನನ್ನು ಇಳಿಬಿಡಬೇಕಾದರೂ ಅದು ವರ್ನಾಳ ಕೈಯಿಂದಲೇ ಇಳಿಯಬೇಕು. ಹಗ್ಗವನ್ನು ಮೊದಲು ನೆನೆಸುತ್ತಾಳೆ. “ಒಣಹಗ್ಗ ಸುಳ್ ಹೇಳುತ್ತೆ” ಎನ್ನುತ್ತಾಳೆ. ಆಮೇಲೆ ಉಕ್ಕಿನ ಟೇಪು ಹಿಡಿದು ಅಳೆದು, ಮೀಟರಿಗೊಂದು ಬಿಳಿ ಪಟ್ಟಿ, ಐದಕ್ಕೆ ಕೆಂಪು, ಹತ್ತಕ್ಕೆ ಜೋಡಿ ಕೆಂಪು. ಆಕೆ ತೂಗುಹಾಕಿದ ಸಲಕರಣೆಗಳು ನಮ್ಮ ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಗೆ ನಿಂತ ಹುಡುಗಿಯರ ಹಾಗೆ: ಒಂದು ಮುಂದಿಲ್ಲ, ಒಂದು ಹಿಂದಿಲ್ಲ. ಮನೆಯಲ್ಲಿ ಉಪ್ಪಿನಕಾಯಿ ಶೀಶೆಗಳ ಚೀಟಿಗಳೆಲ್ಲ ಒಂದೇ ಕಡೆ ಮುಖ ಮಾಡಿವೆ. ಗಂಡ ಕ್ಲೈಡ್ ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅವುಗಳಲ್ಲಿ ಒಂದನ್ನು ನನಗೆ ಖರ್ಚು ಮಾಡಿದ್ದ. “ನಾನೂ ಮೇಜಿನ್ ಅಂಚಿಗೆ ನೆಟ್ಟಗೆ ಕೂತ್ರೇನೇ ಊಟ ಬಡಿಸೋದು ಕಣಮ್ಮ.”

ಹಡಗಿನಲ್ಲಿ ಎಲ್ಲರೂ ಆಕೆಗೆ ಮಕ್ಕಳೇ. ವಿಜ್ಞಾನಿಯೂ ಮಗನೇ, ಮಂತ್ರಿಯೂ ಮಗನೇ. ಒಮ್ಮೆ ಒಬ್ಬ ಭೌತಶಾಸ್ತ್ರದ ಡಾಕ್ಟರು ಹಡಗಿನ ಮುಚ್ಚಳದ ಹಲಗೆಯನ್ನು ತಲೆಕೆಳಗು ಮಾಡಿ ಇಟ್ಟುಬಿಟ್ಟ. ಲೂನೆನ್‌ಬರ್ಗ್ ಕಡೆಯ ಹಡಗಿನಲ್ಲಿ ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ. “ಮಗನೇ, ಅದನ್ನ ತಿರುಗಿಸಿಡು, ಇಲ್ಲಾಂದ್ರೆ ನಿನ್ನನ್ನ ತಿರುಗಿಸಿಡ್ತೀನಿ” ಎಂದಿದ್ದಳು. ಇಂಥ ವರ್ನಾ ತಪ್ಪು ಮಾಡಿದಳು, ಅದೂ ತನ್ನ ಅಚ್ಚುಕಟ್ಟುತನದಿಂದಲೇ, ಎಂದರೆ ನಂಬುವವರು ಕಡಿಮೆ.

ಅದು ಜೊಸೆಟ್ ಮ್ಯೂಸ್‌ಳ ಬುಟ್ಟಿಯ ವಿಚಾರ.

ಜೊಸೆಟ್ ಪಬ್ನಿಕೋ ಕಡೆಯ, ಫ್ರೆಂಚ್ ಮೂಲದ ಅಕೇಡಿಯನ್ ಹುಡುಗಿ, ಆಗ ಇಪ್ಪತ್ತೊಂಬತ್ತು ವಯಸ್ಸು, ಡಾಕ್ಟರೇಟಿನ ನಾಲ್ಕನೆಯ ವರ್ಷ. ಅವಳ ಹಟ ಒಂದೇ: ರೈಟ್ ವೇಲ್ ಎಂಬ ಜಾತಿಯ ತಿಮಿಂಗಿಲಗಳು ಚಳಿಗಾಲದಲ್ಲೂ ನಮ್ಮ ದಕ್ಷಿಣಕ್ಕೆ ಸಮುದ್ರತಳದಲ್ಲಿರುವ ಬೋಗುಣಿಯಂಥ ತಗ್ಗಿನಲ್ಲಿ ಇರುತ್ತವೆ. ಇಲ್ಲವೇ ಇಲ್ಲ, ಡಿಸೆಂಬರಿಗೆಲ್ಲ ತೆಂಕಣಕ್ಕೆ ಹೋಗಿಬಿಡುತ್ತವೆ ಎಂದು ಅವಳ ಗುರುಗಳೂ ಸೇರಿದಂತೆ ದೊಡ್ಡವರೆಲ್ಲ ಹೇಳುತ್ತಿದ್ದರು. ತಿಮಿಂಗಿಲದ ಹೆಸರೇನೋ ರೈಟು, ಅದರ ವಿಳಾಸದಲ್ಲಿ ಯಾರೋ ಒಬ್ಬರು ರಾಂಗು. ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿ ನೋಡೋಣವೆಂದರೆ ಯಾವ ಹಡಗೂ ಹೋಗುವುದಿಲ್ಲ. ಆದ್ದರಿಂದ ಅವಳು ಒಂದು ಬುಟ್ಟಿ ಇಳಿಸಿದಳು: ಹೆಗಲೆತ್ತರದ ಉಕ್ಕಿನ ಚೌಕಟ್ಟು, ತಲೆಯ ಮೇಲೆ ಹಳದಿ ತೇಲುಗುಂಡುಗಳು, ಒಳಗೆ ನೀರಿನ ಶಬ್ದ ಹಿಡಿಯುವ ಮೈಕು ಎಂಬ ಒಂದು ಕಿವಿ, ಒಂದು ಪುಟ್ಟ ಕಂಪ್ಯೂಟರು. ತಳದಲ್ಲಿ ಕೂತು ದಿನಕ್ಕೆ ಎಷ್ಟು ತಿಮಿಂಗಿಲ ಕೂಗು ಕೇಳಿಸಿತು ಎಂದು ಎಣಿಸಿ ಬರೆದಿಟ್ಟುಕೊಳ್ಳುವುದು ಅದರ ಕೆಲಸ. ದಿನಕ್ಕೊಂದು ಸಂಖ್ಯೆ, ಹದಿನಾಲ್ಕು ತಿಂಗಳು.

ಜೂನ್‌ನಲ್ಲಿ ಅದನ್ನು ಕರೆತರಲು ಹೋದೆವು. ಭಾರ ಕಳಚಿ ಮೇಲೆ ಬಾ ಎಂದು ಶಬ್ದದಲ್ಲಿ ಅಪ್ಪಣೆ ಕೊಟ್ಟರೆ, ಬುಟ್ಟಿ ‘ಆಯಿತು’ ಎಂದು ಉತ್ತರಿಸಿತು. ಬರಲಿಲ್ಲ. ಕ್ಯಾಮೆರಾ ಇಳಿಸಿ ನೋಡಿದರೆ, ಮಗ್ಗುಲಿನ ಇಳಿಜಾರು ಜಾರಿ ಕೆಸರು ಬಂದು ಅದರ ಕಾಲುಗಳನ್ನು ಹೂತಿತ್ತು. ತಲೆ ಮಾತ್ರ ಹೊರಗೆ. ಕೊಕ್ಕೆ ಹಾಕಿ ಎಳೆಯೋಣವೆಂದರೆ ಪಕ್ಕದಲ್ಲೇ ಸಮುದ್ರದಡಿಯ ತಂತಿ ಹಾದಿತ್ತು, ನಮ್ಮ ಕ್ಯಾಪ್ಟನ್ ರಿಸರ್ ಒಪ್ಪಲಿಲ್ಲ.

ಉಳಿದದ್ದು ಒಂದೇ ದಾರಿ. ಬುಟ್ಟಿ ದಿನಕ್ಕೊಮ್ಮೆ, ನಡುಮಧ್ಯಾಹ್ನ ಹನ್ನೆರಡಕ್ಕೆ, ತನ್ನ ಪುಸ್ತಕವನ್ನೆಲ್ಲ ಶಬ್ದವಾಗಿ ಓದಿ ಹೇಳುತ್ತಿತ್ತು, ನಾಲ್ಕು ನಿಮಿಷ. ಬ್ಯಾಟರಿ ಇನ್ನೆರಡು ಸಲ ಓದುವಷ್ಟಿತ್ತು.

ಸಮುದ್ರದಲ್ಲಿ ಮಾತು ಕೇಳಿಸಿಕೊಳ್ಳುವುದು ಸುಲಭವಲ್ಲ. ಒಂದು ಶಬ್ದ ಹೊರಟರೆ ಐದಾಗಿ ಬಂದು ಮುಟ್ಟುತ್ತದೆ: ನೇರ ಬಂದದ್ದೊಂದು, ನೀರಿನ ಮೇಲ್ಮೈಗೆ ಬಡಿದು ತಿರುಗಿದ್ದೊಂದು, ತಳಕ್ಕೆ ತಾಗಿ ಎದ್ದದ್ದೊಂದು, ಒಂದರ ಬೆನ್ನ ಮೇಲೊಂದು. ಅದಕ್ಕಾಗಿ ಬುಟ್ಟಿ ಓದುವ ಮೊದಲು ಒಂದು ಗೊತ್ತಾದ ನಮಸ್ಕಾರ ಹೇಳುತ್ತದೆ. ಅದೇ ನಮಸ್ಕಾರ ನಮ್ಮ ಕಾಗದದಲ್ಲೂ ಇರುತ್ತದೆ. ಹೊರಟದ್ದು ಹೀಗೆ, ಬಂದದ್ದು ಹೀಗೆ, ಹಾಗಾದರೆ ನಡುವೆ ಸಮುದ್ರ ಮಾಡಿದ ಕಿತಾಪತಿ ಇಷ್ಟು ಎಂದು ಲೆಕ್ಕ ಹಾಕಿ, ಉಳಿದ ಮಾತನ್ನು ಅದರ ಪ್ರಕಾರ ನೆಟ್ಟಗೆ ಮಾಡಿಕೊಳ್ಳಬಹುದು.

ಮೊದಲ ದಿನ ವರ್ನಾ ಹಡಗಿನ ಪಕ್ಕದಿಂದ ನಾಲ್ಕು ನೀರೊಳಗಿನ ಕಿವಿಗಳನ್ನು ಇಳಿಬಿಟ್ಟಳು. ನಾಲ್ಕೂ ಇಪ್ಪತ್ತು ಮೀಟರಿಗೆ, ಜೋಡಿ ಕೆಂಪಿನ ಎರಡನೆಯ ಗುರುತಿಗೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಕ್ಯಾಪ್ಟನ್ ಬಗ್ಗಿ ನೋಡಿ, “ಚಿತ್ರ ಬರೆದ್ ಹಾಗಿದೆ ಕಣೆ” ಎಂದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. “ಚಿತ್ರ ಬರೆದೋರು ತಿದ್ದಬಹುದು, ನಂಗೆ ಆ ಪುಣ್ಯ ಇಲ್ಲ ಕಣೋ” ಎಂದಳು ವರ್ನಾ.

ಹನ್ನೆರಡು ಹೊಡೆಯಿತು. ಶಬ್ದ ಬಂತು. ಜೊಸೆಟ್ ಕೈಯಲ್ಲಿದ್ದ ಕಾಗದವನ್ನು ಪರದೆಯ ಪಕ್ಕ ಹಿಡಿದಳು.

“ಇದು ನಮ್ ನಮಸ್ಕಾರ ಅಲ್ಲ.”

ನಡುವೆ ಯಾವಾಗಲೋ ಚಳಿಗೆ ಬ್ಯಾಟರಿ ಕುಸಿದು ಬುಟ್ಟಿ ಎಚ್ಚರ ತಪ್ಪಿ ಎದ್ದಿತ್ತು. ಎದ್ದಾಗ ಜೊಸೆಟ್ ಕಲಿಸಿದ ನಮಸ್ಕಾರ ಮರೆತು, ಹುಟ್ಟುವಾಗ ಅದನ್ನು ಮಾಡಿದವರು ಕಲಿಸಿದ್ದನ್ನು ಹೇಳುತ್ತಿತ್ತು. ಆ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕಾಗದ ಯಾರಲ್ಲೂ ಇಲ್ಲ. ಏನು ಹೊರಟಿತೋ ಗೊತ್ತಿಲ್ಲ, ದಾರಿಯಲ್ಲಿ ಏನಾಯಿತೋ ಗೊತ್ತಿಲ್ಲ, ಕೈಯಲ್ಲಿರುವುದು ಬಂದ ಗದ್ದಲ ಮಾತ್ರ.

ಇಂಥದ್ದಕ್ಕೂ ಒಂದು ವಿಧಾನವಿದೆ. ಅದನ್ನು ಕುರುಡು ವಿಧಾನ ಎನ್ನುತ್ತಾರೆ. ಜೊಸೆಟ್ ಸಂಜೆಯವರೆಗೆ ಅದನ್ನೇ ಓಡಿಸಿದಳು. ಕಂಪ್ಯೂಟರು ಗಂಭೀರವಾಗಿ ಒಂದು ಉತ್ತರ ಕೊಟ್ಟಿತು. ಅದರ ಪ್ರಕಾರ ಒಂದು ದಿನಕ್ಕೆ ತಿಮಿಂಗಿಲ ಅರವತ್ತು ಸಾವಿರ ಸಲ ಕೂಗಿತ್ತು, ಮರುದಿನ ಸಮುದ್ರವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹಡಗಿನ ಅಡುಗೆಮನೆಯಲ್ಲಿ ಅಡುಗೆಯವ ಲಾಯ್ಡ್ ಜಿಂಕ್ ಮೀನಿನ ವಡೆ ಕರಿಯುತ್ತಿದ್ದ. ಜೊಸೆಟ್ ತಟ್ಟೆ ಮುಂದಿಟ್ಟುಕೊಂಡು ಹಸಿ ಟೊಮೇಟೊ ಉಪ್ಪಿನಕಾಯಿಯಲ್ಲಿ ಗೆರೆ ಎಳೆಯುತ್ತಿದ್ದಳು.

“ತಿನ್ನು ಮಗಳೇ. ಗೆರೆ ಎಳೆಯೋಕೆ ಕಾಗದ ಕೊಡ್ತೀನಿ” ಎಂದಳು ವರ್ನಾ.

“ನಾಲ್ಕ್ ವರ್ಷ ವರ್ನಾ. ಇವತ್ತು ಮಧ್ಯಾಹ್ನ ಒಂದ್ಸಲ ಓದುತ್ತೆ, ಅಷ್ಟೇ. ಆಮೇಲೆ ಅದು ಬರೀ ಕಬ್ಬಿಣ.”

“ಆ ಕುರುಡು ಅನ್ನೋದು ಏನು, ನಂಗೆ ಅರ್ಥ ಆಗೋ ಹಾಗೆ ಹೇಳು.”

“ಒಂದೇ ಕಿವಿ ಇದ್ರೆ ಏನೂ ಮಾಡಕ್ಕಾಗಲ್ಲ. ಆದ್ರೆ ಒಂದೇ ಮಾತನ್ನ ನಾಲ್ಕ್ ಕಿವಿ ನಾಲ್ಕ್ ಥರ ಕೇಳಿಸ್ಕೊಂಡಿದ್ರೆ, ಆ ನಾಲ್ಕನ್ನೂ ಒಂದಕ್ಕೊಂದು ಹೋಲಿಸಿ, ಮಾತೂ ಕಂಡುಹಿಡೀಬಹುದು, ಪ್ರತಿ ಕಿವಿಯ ದಾರಿ ಹೇಗೆ ಡೊಂಕಾಗಿದೆ ಅನ್ನೋದನ್ನೂ ಕಂಡುಹಿಡೀಬಹುದು.”

ವರ್ನಾ ಚಹಾ ಲೋಟ ಕೆಳಗಿಟ್ಟಳು. “ಅಯ್ಯೋ, ಇದು ಹಿಲ್ಡಾ ಚಿಕ್ಕಮ್ಮ, ಬ್ಯೂಲಾ ಚಿಕ್ಕಮ್ಮನ ವಿಷ್ಯ ಅಲ್ವಾ!”

“ಯಾರವರು?”

“ನಮ್ಮಪ್ಪನ ತಮ್ಮಂದಿರ ಹೆಂಡ್ತೀರು. ನಾನು ಯಾವ್ ಮದುವೆಗೂ ಹೋದೋಳಲ್ಲ, ಮೀನು ಸೀಳ್ತಾ ನಿಂತಿರ್ತಿದ್ದೆ. ಮದುವೆ ಆದ್ಮೇಲೆ ಇಬ್ರೂ ಬಂದು ಬೇರೆಬೇರೆ ವರದಿ ಕೊಡೋರು. ಹಿಲ್ಡಾ ಎಲ್ಲಾನೂ ದುಪ್ಪಟ್ಟು ಮಾಡ್ತಾಳೆ, ಬ್ಯೂಲಾ ಎಲ್ಲಾದ್ರಲ್ಲೂ ಹುಳುಕು ಹುಡುಕ್ತಾಳೆ. ನಾಲ್ಕ್ ಮದುವೆ ಕೇಳೋದ್ರೊಳಗೆ ನಂಗೆ ಮದುವೇನೂ ಗೊತ್ತಾಗೋದು, ಇವರಿಬ್ಬರ ಬುದ್ಧೀನೂ ಗೊತ್ತಾಗೋದು. ಯಾರೂ ಹೇಳ್ಕೊಡಲಿಲ್ಲ.”

ಜೊಸೆಟ್ ಎದ್ದು ನಿಂತೇಬಿಟ್ಟಳು. “ಅದೇ ವರ್ನಾ! ಸಾಕ್ಷಾತ್ ಅದೇ! ಹಿಲ್ಡಾ ಹೇಳಿದ್ದನ್ನ ಬ್ಯೂಲಾ ಥರ ಇನ್ನೊಮ್ಮೆ ಕೆಡಿಸಿ, ಬ್ಯೂಲಾ ಹೇಳಿದ್ದನ್ನ ಹಿಲ್ಡಾ ಥರ ಇನ್ನೊಮ್ಮೆ ಕೆಡಿಸಿದ್ರೆ, ಎರಡೂ ಒಂದೇ ಆಗ್ಬೇಕು. ಹಾಗೆ ಎರಡೂ ಸರಿಹೊಂದೋ ಡೊಂಕುಗಳನ್ನ ಕಂಪ್ಯೂಟರು ಹುಡುಕುತ್ತೆ.”

ನಾನು ಕಾಫಿ ಕಲಕುವುದನ್ನು ನಿಲ್ಲಿಸಿದೆ. ಎರಡು ಚಾಡಿಗಳನ್ನು ಒಂದಕ್ಕೊಂದು ಉಜ್ಜಿ ಸತ್ಯ ತೆಗೆಯುವ ಶಾಸ್ತ್ರವೊಂದಿದೆ, ಅದಕ್ಕೆ ಗಣಿತದ ಮರ್ಯಾದೆಯೂ ಇದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ವರ್ನಾ ಮಾತ್ರ ಹುಬ್ಬು ಗಂಟಿಕ್ಕಿದ್ದಳು. “ಆದ್ರೆ ಒಂದ್ಸಲ ಮೋಸ ಹೋದೆ. ವಿನ್‌ಸ್ಟನ್ ನಿಕಲ್‌ನ ಮದುವೇಲಿ. ಗಂಡಿನ ತಲೆ ಬೋಳು ಅಂತ ಹಿಲ್ಡಾನೂ ಹೇಳಿದ್ಳು, ಬ್ಯೂಲಾನೂ ಹೇಳಿದ್ಳು. ಇಬ್ರೂ ಹೇಳಿದ್ಮೇಲೆ ನಿಜಾನೇ ಅಂದ್ಕೊಂಡೆ. ಹನ್ನೊಂದ್ ವರ್ಷ ಆದ್ಮೇಲೆ ಒಂದು ಸಾವಿನ ಮನೇಲಿ ಸಿಕ್ಕಿದಾನೆ, ಕುದುರೆ ಬಾಲದಂಥ ಕೂದಲು! ಕೇಳಿದ್ರೆ, ಅವತ್ತು ಹಿಮ ಬಿದ್ದು ಇಬ್ಬರೂ ಮದುವೆಗೇ ಹೋಗಿಲ್ಲ. ಪೋಸ್ಟಾಫೀಸಿನ ಮರ್ಟಲ್ ಹೇಳಿದ್ದನ್ನ ಇಬ್ಬರೂ ಅವರವರ ಥರ ಹೇಳಿದ್ರು. ಹಿಲ್ಡಾಳ ಸುಳ್ಳು ಬ್ಯೂಲಾಳಿಂದ ಗೊತ್ತಾಗುತ್ತೆ. ಮರ್ಟಲ್ ಸುಳ್ಳು ಹೇಗೆ ಗೊತ್ತಾಗ್ಬೇಕು? ಎಲ್ಲರೂ ಹೇಳೋ ಸುಳ್ಳು ಮದುವೆಗೇ ಅಂಟ್ಕೊಂಡ್ಬಿಡುತ್ತೆ.”

ಒಲೆಯ ಮೇಲೆ ವಡೆ ಚುಯ್ ಎನ್ನುತ್ತಿತ್ತು.

“ನಮ್ ನಾಲ್ಕ್ ಕಿವಿಗೂ ಮರ್ಟಲ್ ಯಾರು?” ಎಂದಳು ವರ್ನಾ, ಮೆಲ್ಲಗೆ.

“ಮೇಲ್ಮೈ” ಎಂದಳು ಜೊಸೆಟ್. “ಬುಟ್ಟಿ ನಮ್ ಕೆಳಗೇ ಇದೆ. ಶಬ್ದ ಕಿವಿ ದಾಟಿ ಮೇಲೆ ಹೋಗಿ, ನೀರಿನ ಮೇಲ್ಮೈಗೆ ಬಡಿದು ವಾಪಸ್ ಬರುತ್ತೆ. ಎಷ್ಟು ತಡವಾಗಿ ಬರುತ್ತೆ ಅನ್ನೋದು ಕಿವಿ ಎಷ್ಟು ಆಳದಲ್ಲಿದೆ ಅನ್ನೋದ್ರ ಮೇಲೆ...” ಅವಳು ಮುಗಿಸಲಿಲ್ಲ.

ಮುಗಿಸುವುದು ಬೇಕಿರಲಿಲ್ಲ. ನಾಲ್ಕು ಕಿವಿ, ನಾಲ್ಕೂ ಇಪ್ಪತ್ತು ಮೀಟರು, ನಾಲ್ಕಕ್ಕೂ ಒಂದೇ ಮಾರ್ದನಿ ಒಂದೇ ತಡದಲ್ಲಿ. ಅದು ಸಮುದ್ರದ ಡೊಂಕಲ್ಲ, ಬುಟ್ಟಿಯ ಮಾತೇ ಎಂದು ಕಂಪ್ಯೂಟರು ತಿಳಿದಿತ್ತು. ಬೇರೆ ಯಾರಾದರೂ ಕೈಗೆ ಬಂದಂತೆ ಇಳಿಬಿಟ್ಟಿದ್ದರೆ ಒಂದು ಹದಿನೆಂಟಕ್ಕೆ, ಒಂದು ಇಪ್ಪತ್ತೆರಡಕ್ಕೆ ತೂಗುತ್ತಿತ್ತು, ಕೆಲಸ ಆಗಿಬಿಡುತ್ತಿತ್ತು. ಮೂವತ್ತನಾಲ್ಕು ವರ್ಷದ ನಿಷ್ಠೆ ಮಾತ್ರ ಮಾಡಬಲ್ಲ ತಪ್ಪು ಅದು.

“ಹಾಗಾದ್ರೆ ಕೆಡಿಸಿದ್ದು ನಾನು” ಎಂದಳು ವರ್ನಾ.

“ಹಾಗಲ್ಲ ವರ್ನಾ, ಎಲ್ಲಾ ಒಂದೇ ಆಳಕ್ಕೆ ಅಂತ ನಾನೇ ಚೀಟೀಲಿ ಬರ್ದಿದ್ದೆ...”

“ಚೀಟಿ ಹಗ್ಗ ಹಿಡಿಯಲ್ಲ ಮಗಳೇ.” ಆಕೆ ಕೋಟು ಹಾಕಿಕೊಂಡಾಗಿತ್ತು.

ಒಂಬತ್ತು ಗಂಟೆಗೆ ನಾಲ್ಕು ಕಿವಿಗಳೂ ಮೇಲೆ ಬಂದು, ಒಂಬತ್ತೂ ಮುಕ್ಕಾಲಿಗೆ ಮತ್ತೆ ಇಳಿದವು. ಈ ಸಲ ಬೇರೆಬೇರೆ ಆಳ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ವರ್ನಾ ಕೈ ಒರೆಸಿಕೊಳ್ಳುತ್ತಿದ್ದಳು. ಜೊಸೆಟ್ ಕಾಗದದಲ್ಲಿ ಏನೋ ಗೀಚುತ್ತ ಓಡಿ ಬಂದಳು.

“ಹತ್ತರ ಮಗ್ಗಿ ಬೇಡ ವರ್ನಾ!”

“ಈಗೇನು?”

“ಇಪ್ಪತ್ತರೊಳಗೆ ಎರಡು ಹತ್ತಿದೆ, ಮೂವತ್ತರೊಳಗೆ ಮೂರು ಹತ್ತಿದೆ. ಹತ್ತರ ಮಾರ್ದನಿ ಎಲ್ಲದ್ರೊಳಗೂ ಬಚ್ಚಿಟ್ಕೊಂಡಿರುತ್ತೆ. ಮತ್ತೆ ಮರ್ಟಲ್ಲೇ! ಒಂದಕ್ಕೊಂದು ಸಂಬಂಧಾನೇ ಇಲ್ಲದ ಆಳ ಬೇಕು. ಮನಸ್ಸಿಗೆ ಬಂದ ಹಾಗೆ ಕಟ್ಟಿ.”

ಮನಸ್ಸಿಗೆ ಬಂದ ಹಾಗೆ! ಬಿಷಪ್ಪನಿಗೆ ಬೀದಿಯಲ್ಲಿ ಕುಣಿ ಎಂದಿದ್ದರೆ ಅವನೂ ಹಾಗೇ ನೋಡುತ್ತಿದ್ದ. ವರ್ನಾ ಹಗ್ಗ ಹಿಡಿದು ನಿಂತಳು. ಐದಕ್ಕೆ ಹೋದಳು, ಹದಿನೈದಕ್ಕೆ ಹೋದಳು. ಆಕೆಯ ಮನಸ್ಸಿಗೆ ಬರುವುದೆಲ್ಲ ಕೆಂಪು ಪಟ್ಟಿಯಿಂದಲೇ ಬರುತ್ತಿತ್ತು.

“ನಂಗೆ ಬರಲ್ಲ” ಎಂದಳು. ಆಕೆಯ ಬಾಯಲ್ಲಿ ಆ ಮಾತು ನಾವು ಯಾರೂ ಕೇಳಿರಲಿಲ್ಲ. “ಲೇ ಜಿಂಕ್! ಯಾವ್ದಾದ್ರೂ ಅಂಕಿ ಹೇಳೋ, ಕೆಲಸಕ್ಕೆ ಬಾರದ್ದು.”

ಅಡುಗೆಮನೆಯ ಕಿಂಡಿಯಿಂದ ಲಾಯ್ಡ್ ಜಿಂಕ್ ತಲೆ ಹಾಕಿದ. “ನನ್ ಮೊಮ್ಮಕ್ಕಳ ವಯಸ್ಸು ಆಗುತ್ತಾ? ಹನ್ನೊಂದು, ಹದಿನೇಳು, ಇಪ್ಪತ್ತಾರು.”

“ನಾಲ್ಕನೇದು?”

“ಮೊಮ್ಮಕ್ಕಳು ಮೂರೇ. ಮಗನ ಎರಡನೇ ಹೆಂಡ್ತಿಗೆ ಮೂವತ್ತೇಳು. ಆದ್ರೆ ನಾ ಹೇಳ್ದೆ ಅಂತ ಅವಳ ಹತ್ರ ಹೇಳ್ಬೇಡಿ.”

ಹೀಗೆ ಜಿಂಕ್ ಸಂಸಾರ ಸಮುದ್ರಕ್ಕೆ ಇಳಿಯಿತು. ಕೊನೆಯ ಗಂಟು ಹಾಕಿ ಬಗ್ಗಿ ನೋಡಿದ ವರ್ನಾ, ಹಲ್ಲು ನೋವಿನವಳಂತೆ ಮುಖ ತಿರುಗಿಸಿಕೊಂಡಳು. “ಕುಡುಕನ ಮನೆ ಬಟ್ಟೆ ಹಗ್ಗದ ಹಾಗಿದೆ.”

ಹನ್ನೆರಡು ಹೊಡೆಯಿತು. ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದ್ದ. ನಿನ್ನೆಗಿಂತ ಕ್ಷೀಣವಾಗಿ, ಇರುವೆಯೊಂದು ತಗಡಿನ ಮೇಲೆ ಓಡಿದ ಹಾಗೆ, ಬುಟ್ಟಿ ನಾಲ್ಕು ನಿಮಿಷ ಓದಿತು. ಮುಗಿದ ಮೇಲೆ ಜೊಸೆಟ್ ‘ಇದ್ದೀಯಾ’ ಎಂದು ಕೇಳುವ ಶಬ್ದ ಕಳಿಸಿದಳು. ಉತ್ತರ ಬರಲಿಲ್ಲ. ಮತ್ತೊಮ್ಮೆ ಕಳಿಸಿದಳು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದಳು.

ಮೂರು ಗಂಟೆಯ ಹೊತ್ತಿಗೆ ನಾವೆಲ್ಲ ಆ ಪುಟ್ಟ ಕೋಣೆಯ ಬಾಗಿಲಲ್ಲಿದ್ದೆವು. ಮೊದಲು ಬಂದದ್ದು ಮಾತಲ್ಲ, ದಾರಿಗಳು. ಪರದೆಯ ಮೇಲೆ ನಾಲ್ಕು ಗೆರೆಗಳು. ಪ್ರತಿ ಗೆರೆಯಲ್ಲಿ ಎತ್ತರದ ಒಂದು ಮೊನೆ, ಅಂದರೆ ನೇರ ಬಂದ ಶಬ್ದ. ಸ್ವಲ್ಪ ದೂರದಲ್ಲಿ ಕೆಳಮುಖವಾದ ಇನ್ನೊಂದು ಮೊನೆ, ಅಂದರೆ ಮೇಲ್ಮೈಯ ಮಾರ್ದನಿ. ಎರಡು ಮೊನೆಗಳ ನಡುವಿನ ಅಂತರದಿಂದ ಕಿವಿಯ ಆಳ ಲೆಕ್ಕ ಹಾಕಬಹುದು. ಜೊಸೆಟ್ ಹಾಕಿದಳು.

“ಹನ್ನೊಂದು” ಎಂದಳು. “ಹದಿನೇಳು.”

ಆ ಯಂತ್ರಕ್ಕೆ ಯಾರೂ ಆಳ ಹೇಳಿರಲಿಲ್ಲ. ಬುಟ್ಟಿ ಏನು ಹೇಳಿತೆಂದೂ ಹೇಳಿರಲಿಲ್ಲ. ಅದಕ್ಕೆ ಸಿಕ್ಕಿದ್ದು ನಾಲ್ಕು ಗದ್ದಲ, ಅಷ್ಟೇ. ಆ ನಾಲ್ಕನ್ನೂ ಒಂದಕ್ಕೊಂದು ಹಿಡಿದು ನೋಡಿ, ತಾನು ಕಾಣದ ನೀರನ್ನು, ತಾನು ಮುಟ್ಟದ ಹಗ್ಗಗಳನ್ನು, ಜಿಂಕ್‌ನ ಮೊಮ್ಮಕ್ಕಳ ವಯಸ್ಸನ್ನು ಅದು ಹೇಳುತ್ತಿತ್ತು. ಜಿಂಕ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಅವನು ಲೂಥರನ್ ಪಂಥದ ಕ್ರೈಸ್ತ, ಅವರಲ್ಲಿ ಆ ವಾಡಿಕೆಯೇ ಇಲ್ಲ.

“ಇಪ್ಪತ್ತೈದೂವರೆ” ಎಂದಳು ಜೊಸೆಟ್.

“ಇಪ್ಪತ್ತಾರು!” ಎಂದಳು ವರ್ನಾ.

“ಇಪ್ಪತ್ತೈದೂವರೆ ಅಂತಿದೆ.”

ವರ್ನಾ ಹೊರಗೆ ಹೋದಳು. ಹೋದವಳು ಐದು ನಿಮಿಷ ಬರಲಿಲ್ಲ. ಬಂದಾಗ ಆಕೆಯ ದನಿ ಚರ್ಚಿನಲ್ಲಿ ಇರುವವರ ದನಿಯಂತಿತ್ತು. “ಮೂರನೇ ಹಗ್ಗದ ತುದಿಗೆ ಭಾರದ ಗುಂಡು ಚಿಕ್ಕದನ್ನ ಕಟ್ಟಿಬಿಟ್ಟಿದೀನಿ. ನೀರಿನ ಸೆಳೆತಕ್ಕೆ ಓರೆಯಾಗಿ ನಿಂತಿದೆ. ಇಪ್ಪತ್ತಾರು ಮೀಟರ್ ಹಗ್ಗ, ಆಳ ಅರ್ಧ ಮೀಟರ್ ಕಮ್ಮಿ.” ಪರದೆಯ ಗೆರೆಯನ್ನು ಬೆರಳು ತಾಗಿಸದೆ ತೋರಿಸಿದಳು. “ನನ್ ಕಣ್ಣಿಗೆ ಬೀಳದ್ದು ಇದಕ್ಕೆ ಹೇಗ್ ಕಾಣಿಸ್ತು?”

“ಅದಕ್ಕೆ ಏನೂ ಕಾಣ್ಸಲ್ಲ ವರ್ನಾ. ಅದಕ್ಕೇ ಕುರುಡು ಅನ್ನೋದು.”

ದಾರಿ ಗೊತ್ತಾದ ಮೇಲೆ ಮಾತು ಬಂತು. ಈ ವಿಧಾನಕ್ಕೆ ಒಂದು ಹುಟ್ಟುಗುಣವಿದೆ: ಮಾತು ಸಿಕ್ಕಿದರೂ ಅದು ನೆಟ್ಟಗಿದೆಯೋ ಬುಡಮೇಲಾಗಿದೆಯೋ ಹೇಳುವುದಿಲ್ಲ, ಎಲ್ಲ ಹೌದು ಇಲ್ಲವಾಗಿ, ಎಲ್ಲ ಇಲ್ಲ ಹೌದಾಗಿ ಇರಬಹುದು. ಗಣಿತಕ್ಕೆ ಎರಡೂ ಒಂದೇ. ಆದ್ದರಿಂದ ಜೊಸೆಟ್ ಎರಡು ಪುಸ್ತಕ ಮಾಡಿ, ಎರಡರ ಮೊದಲ ಸಾಲನ್ನೂ ಓದಿದಳು. ಅದು ಬುಟ್ಟಿ ತಾನು ಕೂತ ಆಳವನ್ನು ಬರೆದುಕೊಳ್ಳುವ ಸಾಲು.

“ಮೊದಲನೇದ್ರಲ್ಲಿ ಆಳ ಎಂಟು ಸಾವಿರದ ಇಪ್ಪತ್ತು ಮೀಟರು.”

“ಎಂಟು ಸಾವಿರ?” ಎಂದ ಕ್ಯಾಪ್ಟನ್. “ಹಾಗಾದ್ರೆ ಇಲ್ಲಿ ಲಂಗರು ಬಿಟ್ರೆ ನಾಳೇವರೆಗೂ ಇಳೀತಾನೇ ಇರುತ್ತಲ್ಲ ಮಾರಾಯ್ತಿ.”

“ಎರಡನೇದ್ರಲ್ಲಿ ನೂರ ಎಪ್ಪತ್ತೊಂದು.”

ಕ್ಯಾಪ್ಟನ್ ತಲೆಯಿಂದ ಟೋಪಿ ತೆಗೆದ. ನಾವು ನಿಂತಿದ್ದ ನೀರು ನೂರ ಎಪ್ಪತ್ತೊಂದು ಮೀಟರಿನದೇ.

ಜೊಸೆಟ್ ಪರದೆಯನ್ನು ಕೆಳಗೆ ಸರಿಸುತ್ತ ಹೋದಳು. ಏಪ್ರಿಲ್, ಮೇ, ಬೇಸಿಗೆ. ಸಂಖ್ಯೆಗಳು ಏರಿದವು, ಶರತ್ಕಾಲಕ್ಕೆ ಇಳಿದವು. ಡಿಸೆಂಬರಿನಲ್ಲಿ ಸೊನ್ನೆಗಳು ಶುರುವಾದವು. ಜನವರಿ ಉದ್ದಕ್ಕೂ ಸೊನ್ನೆ. ಅವಳ ಕೈ ನಿಂತಿತು.

“ಹೋಗು ಮಗಳೇ, ಮುಂದೆ ಹೋಗು” ಎಂದಳು ವರ್ನಾ.

“ಆಗಲ್ಲ ವರ್ನಾ. ನೀವೇ ಓದಿ.”

ವರ್ನಾ ಕನ್ನಡಕ ಹಾಕಿಕೊಂಡಳು. ಹಗ್ಗದ ಗುರುತು ಓದುವ ದನಿಯಲ್ಲಿ, ಒಂದನ್ನೂ ಬಿಡದೆ, ಫೆಬ್ರವರಿ ಓದತೊಡಗಿದಳು. “ಒಂದು, ಸೊನ್ನೆ. ಎರಡು, ಸೊನ್ನೆ. ಮೂರು, ಸೊನ್ನೆ.” ಎಂಟರವರೆಗೂ ಸೊನ್ನೆ. “ಒಂಬತ್ತು...”

ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಒಂಬತ್ತು, ಹದಿನಾಲ್ಕು. ಹತ್ತು, ಮೂವತ್ತೊಂದು. ಹನ್ನೊಂದು, ಇಪ್ಪತ್ತೆಂಟು.”

ಆ ಫೆಬ್ರವರಿ ನನಗೆ ನೆನಪಿದೆ. ಬಂದರಿನ ಅಂಚು ಹೆಪ್ಪುಗಟ್ಟಿತ್ತು, ಹಡಗುಗಳನ್ನೆಲ್ಲ ಎರಡೆರಡು ಹಗ್ಗ ಹಾಕಿ ಬಿಗಿದಿದ್ದರು, ವಾರವಿಡೀ ಬಾಗಿಲಿನ ಹಿಮ ತೆಗೆಯುವುದೇ ನಮಗೆಲ್ಲ ಕೆಲಸವಾಗಿತ್ತು. ಆ ಹೊತ್ತಿನಲ್ಲಿ ಇಲ್ಲಿ, ಹಿಮದ ಗಾಳಿಯ ಕೆಳಗೆ, ಕತ್ತಲ ನೀರಿನಲ್ಲಿ, ದಿನಕ್ಕೆ ಮೂವತ್ತು ಸಲ ಅವು ಒಂದನ್ನೊಂದು ಕರೆಯುತ್ತಿದ್ದವು. ಕೇಳಿದ್ದು ಬುಟ್ಟಿಯೊಂದೇ.

ಜೊಸೆಟ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಅಥವಾ ನಗುತ್ತಿದ್ದಳು. ಭುಜ ಮಾತ್ರ ಕಾಣಿಸುತ್ತಿತ್ತು. ವರ್ನಾ ಅವಳ ತಲೆಯ ಮೇಲೆ ಒಂದು ಕೈ ಇಟ್ಟಳು. ಆಕೆಯ ಹಣೆಯ ಗಂಟು ಒಂದೊಂದೇ ಎಳೆ ಸಡಿಲಗೊಂಡು ಪೂರ್ತಿ ಬಿಚ್ಚಿಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಇನ್ನೊಂದು ಕೈಯ ಬೆರಳನ್ನು ಪರದೆಯ ಸಾಲಿನ ಮೇಲೆ ಓಡಿಸುತ್ತ ಆಕೆ ಓದುತ್ತಲೇ ಇದ್ದಳು. “ಹನ್ನೆರಡು, ಸೊನ್ನೆ. ಹದಿಮೂರು, ಒಂಬತ್ತು. ಹದಿನಾಲ್ಕು, ನಲವತ್ತು.”